ಮುಟ್ಟಿದ ಮೇಲೆ ಅರ್ಧ ಸುತ್ತು

"ಅದಕ್ಕೆ ಗ್ಯಾಪ್ ಬಿಡಬೇಡಿ."

ಇಂಪಾಲಾ ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿಕೊಂಡು ನಿಂತಿದ್ದ ಭಾನುಪ್ರಿಯ ಬೆಚ್ಚಿ ತಲೆ ಎತ್ತಿದಳು. ಎತ್ತಿದ ತಲೆ ನೇರವಾಗಿ ಬಾನೆಟ್ಟಿಗೆ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತಾ ತಿರುಗಿದರೆ, ಗ್ಯಾರೇಜಿನ ಬಾಗಿಲಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಯುವಕನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ.

ಈ ಗ್ಯಾರೇಜಿಗೆ ಬಿಳಿ ಅಂಗಿ ಹಾಕಿಕೊಂಡು ಬರುವವರು ಎರಡೇ ಥರದವರು. ಒಂದು ಇನ್ಶೂರೆನ್ಸಿನವರು, ಇನ್ನೊಂದು ಗಂಡಿನ ಕಡೆಯವರು. ಇಬ್ಬರನ್ನು ಕಂಡರೂ ಭಾನುವಿಗೆ ಅಷ್ಟಕ್ಕಷ್ಟೆ.

"ಯಾರು ನೀವು?"

"ಯೋಗಾನಂದ. ಕನಕಪುರದೋನು. ಫಕ್ರುದ್ದೀನ್ ಸಾಬ್ರು ಕಳಿಸಿದ್ರು, ಈ ಇಂಜಿನ್ ನೋಡೋಕೆ."

"ನಾನು ನೋಡ್ತಾ ಇದೀನಲ್ಲ?"

"ನೋಡ್ತಾ ಇದೀರ. ಅದಕ್ಕೇ ಹೇಳ್ದೆ, ಗ್ಯಾಪ್ ಬಿಡಬೇಡಿ ಅಂತ."

ಭಾನುವಿನ ಕೈಯಲ್ಲಿ ಫೀಲರ್ ಗೇಜ್ ಇತ್ತು. ಕಾಗದದಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಗಳ ಗೊಂಚಲು. ಇಂಜಿನ್ನಿನ ವಾಲ್ವ್ ಮತ್ತು ಅದನ್ನು ಒತ್ತಿ ತೆರೆಯುವ ರಾಕರ್ ನಡುವೆ ಆ ಪಟ್ಟಿ ತೂರಿಸಿ, ಅದು ಹದವಾಗಿ ಎಳೆದಾಡುವಷ್ಟು ಗ್ಯಾಪ್ ಬಿಟ್ಟು ನಟ್ ಬಿಗಿಯುವುದು... ಈ ಟ್ಯಾಪೆಟ್ ಸೆಟ್ಟಿಂಗನ್ನು ಅವಳು ಅಪ್ಪನ ಪಕ್ಕ ನಿಂತು ಲಂಗ ಉಟ್ಟ ವಯಸ್ಸಿನಲ್ಲೇ ಕಲಿತಿದ್ದಳು. ಅಂಬಾಸಿಡರ್, ಜೀಪು, ಟ್ರ್ಯಾಕ್ಟರ್... ಎಲ್ಲಕ್ಕೂ ಅದೇ. ಈಗ ಎಲ್ಲಿಂದಲೋ ಬಂದವನು ಹೇಳಿಕೊಡುತ್ತಾನೆ.

"ಗ್ಯಾಪ್ ಇಲ್ಲದ ಟ್ಯಾಪೆಟ್ ಎಲ್ಲಾದ್ರೂ ಉಂಟಾ?" ಎಂದಳು.

ಅವನು ನಕ್ಕ. ಆ ನಗುವಿನಲ್ಲಿ ಹಂಗಿಸುವುದೇನೂ ಇರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಕಥೆಗೆ ಮುಂಚೆ ಒಂದಿಷ್ಟು ಹೇಳಿಬಿಡಬೇಕು. ರಾಮನಗರದ ಹಳೇ ಮೈಸೂರು ರಸ್ತೆಯಲ್ಲಿ, ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಸ್ವಲ್ಪ ಈಚೆ, ಕೆಂಪರಾಜು ಅವರ ಗ್ಯಾರೇಜ್ ಇದೆ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ದೂರದ ಗಾಡಿಗಳೆಲ್ಲ ಊರ ಹೊರಗಿನಿಂದಲೇ ಹಾರಿ ಹೋಗುತ್ತವೆ. ಕೆಂಪರಾಜು ಅವರಿಗೆ ಮಂಡಿ ನೋವು ಬೇರೆ. ಹಾಗಾಗಿ ಸ್ಪ್ಯಾನರ್ ಮಗಳ ಕೈಗೆ ಬಂದಿತ್ತು. ಡಿಪ್ಲೊಮಾ ಓದಿದ ಭಾನು ಕೆಲಸದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಅವಳಿಗೆ ಇದ್ದ ಒಂದೇ ರೋಗವೆಂದರೆ, ತಾನು ಮಾಡಿದ ಕೆಲಸವನ್ನು ಇನ್ನೊಬ್ಬರು ಮುಟ್ಟಿದರೆ ಮೈ ಉರಿಯುವುದು.

ಅಮೆರಿಕದ ಆ ಹಳೇ ಇಂಪಾಲಾ ಕಾರು ರೇಷ್ಮೆ ನೂಲಿನ ವ್ಯಾಪಾರಿ ಫಕ್ರುದ್ದೀನ್ ಅವರದು. ಈ ಕಾರಿನಲ್ಲೇ ಅವರು ಮದುವೆಯಾಗಿ ಹೆಂಡತಿಯನ್ನು ಮನೆಗೆ ಕರೆತಂದದ್ದು. ಆಕೆ ಈಗಿಲ್ಲ. ಮೊಮ್ಮಗಳು ಶೀಬಾಳ ಮದುವೆ ಮುಂದಿನ ಭಾನುವಾರದ ಆಚೆ ಭಾನುವಾರ. "ಅಜ್ಜಿ ಬಂದ ಕಾರಲ್ಲೇ ನಾನು ಹೋಗ್ತೀನಿ" ಎಂದು ಹುಡುಗಿ ಹಟ ಹಿಡಿದಿದ್ದಳು. ಅಪ್ಪನ ಹೆಸರಿಗಲ್ಲ, ಭಾನುವಿನ ಹೆಸರಿಗೇ ಬಂದ ಮೊದಲ ದೊಡ್ಡ ಕೆಲಸ ಅದು. ಅದಕ್ಕೇ ಈ ಬಿಳಿ ಅಂಗಿಯನ್ನು ಕಂಡು ಅವಳಿಗೆ ಅನುಮಾನ ಬಂದದ್ದು.

'ಸಾಬ್ರಿಗೆ ನನ್ನ ಮೇಲೆ ನಂಬಿಕೆ ಇಲ್ವಾ?'

ಯೋಗಾನಂದ ಚೀಲದಿಂದ ಹೆಬ್ಬೆರಳು ಗಾತ್ರದ ಉಕ್ಕಿನ ಕೊಳವೆಯೊಂದನ್ನು ತೆಗೆದು ಅವಳ ಅಂಗೈ ಮೇಲಿಟ್ಟ.

"ಒತ್ತಿ ನೋಡಿ."

ಅವಳು ಒತ್ತಿದಳು. ಒಳಗಿನಿಂದ ಏನೋ ಮೆತ್ತಗೆ ತಳ್ಳಿತು.

"ಇದು ಹೈಡ್ರಾಲಿಕ್ ಲಿಫ್ಟರ್. ಅಂಬಾಸಿಡರ್‌ದು ಗಟ್ಟಿ ಕಬ್ಬಿಣ, ಬಿಸಿಯಾದ್ರೆ ಹಿಗ್ಗುತ್ತೆ, ಅದಕ್ಕೆ ಜಾಗ ಬಿಡ್ಬೇಕು. ಇದರೊಳಗೆ ಒಂದು ಸ್ಪ್ರಿಂಗು, ಅದರ ಮೇಲೆ ಪುಟ್ಟ ಪಿಸ್ಟನ್ ಇದೆ. ಎಣ್ಣೆ ತುಂಬ್ಕೊಂಡು ತಾನೇ ಮೇಲೆ ಬಂದು ಗ್ಯಾಪ್ ಮುಚ್ಕೊಳುತ್ತೆ. ನಟ್ ತಿರುಗಿಸ್ತಾ ಹೋಗ್ಬೇಕು. ಲಿಫ್ಟರಿಂದ ರಾಕರಿಗೆ ಹೋಗೋ ಪುಶ್ ರಾಡ್ ಆಡೋದು ನಿಲ್ತು ಅಂದ್ರೆ ರಾಕರ್ ಮುಟ್ತು ಅಂತ. ಆದ್ರೆ ಮುಟ್ಟಿದ ಮೇಲೆ ನಿಲ್ಲಿಸ್ಬಾರ್ದು. ಇನ್ನೂ ಅರ್ಧ ಸುತ್ತು ಹೋಗ್ಬೇಕು."

"ಜಾಸ್ತಿ ಹೋದ್ರೆ?"

"ವಾಲ್ವ್ ಮುಚ್ಚೋದೇ ಇಲ್ಲ. ಇಂಜಿನ್‌ಗೆ ಉಸಿರೇ ಇರಲ್ಲ."

"ಹೋಗದೇ ಇದ್ರೆ?"

"ಟಕಟಕ ಅಂತ ಬಡ್ಕೊಳುತ್ತೆ, ಯಾವತ್ತೂ."

ಭಾನು ಲಿಫ್ಟರನ್ನು ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಅವನು ಹೇಳಿದ್ದು ಸರಿ ಎಂದು ಗೊತ್ತಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ಅವತ್ತು ಅವಳಿಗೆ ಬರಲಿಲ್ಲ.

"ಅಂಗಿ ಕೊಳೆಯಾಗುತ್ತೆ. ಒಳಗೆ ಅಪ್ಪನ ಹಳೇ ಶರ್ಟ್ ಇದೆ, ಹಾಕ್ಕೊಳಿ" ಎಂದಷ್ಟೇ ಅಂದಳು.

ಅಂದು ಸಂಜೆ ಮನೆಯಲ್ಲಿ ಅಪ್ಪ, "ಕೆಲ್ಸ ಎಲ್ಲಿಗ್ ಬಂತಮ್ಮಿ?" ಎಂದು ಕೇಳಿದರೆ, "ನಡೀತಾ ಐತೆ. ಸಾಬ್ರು ಕನಕಪುರದಿಂದ ಒಬ್ರುನ್ನ ಸಹಾಯಕ್ಕೆ ಕಳ್ಸವ್ರೆ" ಎಂದು ಚುಟುಕಾಗಿ ಮುಗಿಸಿದಳು. ಗ್ಯಾಪ್ ಬಿಡಲು ಹೋಗಿದ್ದೆ, ಪರ ಊರಿನವನೊಬ್ಬ ತಡೆದ ಎಂದು ಹೇಳಿಕೊಳ್ಳುವುದು ಹೇಗೆ? ಹೇಳಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ, ಅದು ಬೇರೆ ಮಾತು.

ಯೋಗಾನಂದ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಬೆಳಗಿನ ಶಿಫ್ಟ್ ಮುಗಿಸಿ, ಬಸ್ಸು ಬದಲಾಯಿಸಿಕೊಂಡು ಸಂಜೆಗೆ ಗ್ಯಾರೇಜಿಗೆ ಬರುತ್ತಿದ್ದ. ದೊಡ್ಡ ದೊಡ್ಡ ಅಮೆರಿಕನ್ ಕಾರುಗಳ ಹುಚ್ಚು ಅವನಿಗೆ ಹತ್ತಿದ್ದು ಸೋದರಮಾವನ ಗ್ಯಾರೇಜಿನಲ್ಲಿ. ಇಂಪಾಲಾ ಎಷ್ಟೋ ವರ್ಷ ಶೆಡ್ಡಿನಲ್ಲಿ ನಿಂತಿತ್ತಲ್ಲ, ಲಿಫ್ಟರುಗಳೆಲ್ಲ ಹಳೇ ಎಣ್ಣೆಯ ಜಿಡ್ಡಿಗೆ ಕಚ್ಚಿಕೊಂಡು ಕೂತಿದ್ದವು. ಒಂದೊಂದನ್ನೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಬೇಕಾಯಿತು. ಇಬ್ಬರೂ ಒಂದೇ ತಟ್ಟೆಯ ಎರಡು ಕಡೆ ಕೂತು ತಿಕ್ಕಿದರು.

ಪಕ್ಕದ ಟೀ ಅಂಗಡಿಯ ಹನುಮಂತಮ್ಮ ಟೀ ತಂದಿಡುವಾಗ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿ, "ಪಾತ್ರೆ ತೊಳ್ಯೋ ಗಂಡು ಸಿಕ್ಕೋದು ಪುಣ್ಯ ಕಣಮ್ಮಿ" ಎಂದು ಹೋದಳು. ಭಾನು ಕೇಳಿಸಿಕೊಳ್ಳದವಳಂತೆ ಇನ್ನೂ ಜೋರಾಗಿ ತಿಕ್ಕಿದಳು.

ಮದುವೆಯ ವಾರ ಬಂತು. ಕೆಂಪರಾಜು ಕಬ್ಬಾಳಿನ ನೆಂಟರ ಮನೆಗೆ ಗೃಹಪ್ರವೇಶಕ್ಕೆಂದು ಹೋದರು. ಗುರುವಾರ ಟ್ಯಾಪೆಟ್ ಸೆಟ್ಟಿಂಗ್. ಯೋಗಾನಂದ ರಜೆ ಹಾಕಿ ಬೆಳಿಗ್ಗೆಯೇ ಬಂದಿದ್ದ.

ಇದು ಇಬ್ಬರ ಕೆಲಸ. ಒಬ್ಬರು ರಾಕರ್ ಮೇಲಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸುತ್ತಾ ಹೋಗಬೇಕು, ಇನ್ನೊಬ್ಬರು ಎರಡು ಬೆರಳಲ್ಲಿ ಪುಶ್ ರಾಡ್ ಹಿಡಿದು, ಗ್ಯಾಪ್ ಯಾವಾಗ ಹೋಯಿತು ಎಂದು ಹೇಳಬೇಕು. ತಲೆಗೆ ತಲೆ ತಾಗುವಷ್ಟು ಹತ್ತಿರ ನಿಲ್ಲದೆ ವಿಧಿಯಿಲ್ಲ.

"ರಾಡ್ ಉರುಳಿಸ್ತಾ ಇರಿ. ಬಿಗಿಯಾದ ತಕ್ಷಣ ಹೇಳಿ" ಎಂದ ಅವನು.

ಮೂರು ನಟ್ ಆದ ಮೇಲೆ ಭಾನು ಕೈ ಹಿಂದೆ ತೆಗೆದಳು. "ಇಲ್ಲ. ಏನೋ ಸರಿ ಇಲ್ಲ."

"ಏನು?"

"ಲಿಫ್ಟರ್ ಒಳಗಿನ ಸ್ಪ್ರಿಂಗ್ ತುಂಬಾ ಮೆತ್ತಗಿದೆ. ಗ್ಯಾಪ್ ಹೋದ ಮೇಲೂ ರಾಡ್ ಉರುಳ್ತಾನೇ ಇರುತ್ತೆ. ಬೆರಳಿಗೆ ಮೋಸ ಆಗ್ತಾ ಇದೆ. ಉರುಳಿಸೋದಲ್ಲ, ಮೇಲೆ ಕೆಳಗೆ ಆಡಿಸಿ ನೋಡ್ಬೇಕು."

ಅವನು ಅವಳು ಹೇಳಿದಂತೆ ಆಡಿಸಿ ನೋಡಿದ. ಮತ್ತೆ ನೋಡಿದ. ಭಾನು ವಾದಕ್ಕೆ ಸಿದ್ಧಳಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೀವು ಹೇಳಿದ್ದೇ ಸರಿ. ಮೂರಕ್ಕೂ ಜಾಸ್ತಿ ಒತ್ತಿಬಿಟ್ಟಿದೀನಿ. ತಪ್ಪು ನಂದು. ಬಿಚ್ಚೋಣ, ಮೊದ್ಲಿಂದ ಮಾಡೋಣ."

ಅಷ್ಟೇ. ಮುಖ ಊದಿಸಲಿಲ್ಲ, ನೆಪ ಹುಡುಕಲಿಲ್ಲ. ಸ್ಪ್ಯಾನರ್ ಹಾಕಿ ಬಿಚ್ಚತೊಡಗಿದ.

ಭಾನುಪ್ರಿಯ ಅವನನ್ನು ಸರಿಯಾಗಿ ನೋಡಿದ್ದು ಆಗ. 'ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳೋ ಗಂಡಸೂ ಇರ್ತಾನಾ?' ಅವನ ಕಿವಿಯ ಹಿಂದೆ ಗ್ರೀಸ್ ಮೆತ್ತಿತ್ತು. ಒರೆಸಬೇಕು ಎನಿಸಿತು. ಒರೆಸಲಿಲ್ಲ.

"ಮೇಲೆ ಕೆಳಗೆ ಆಡ್ತಾ ಇದೆ... ಇನ್ನೂ ಇದೆ... ಇನ್ನೂ... ಹಾಂ, ಮುಟ್ತು" ಎನ್ನುತ್ತಿದ್ದಳು ಅವಳು.

"ಅರ್ಧ ಸುತ್ತು" ಎನ್ನುತ್ತಾ ತಿರುಗಿಸುತ್ತಿದ್ದ ಅವನು.

ಕೊನೆಯ ನಟ್ ಆಗುವ ಹೊತ್ತಿಗೆ ಇಬ್ಬರೂ ಒಂದೇ ಉಸಿರಿನಲ್ಲಿ ಅದನ್ನು ಹೇಳುತ್ತಿದ್ದರು.

ಸೆಲ್ಫ್ ಹೊಡೆದಾಗ ಇಂಜಿನ್ ಕೆಮ್ಮಿತು, ಒಂದಷ್ಟು ಹೊತ್ತು ಗಲಾಟೆ ಮಾಡಿತು. ಲಿಫ್ಟರುಗಳಿಗೆ ಎಣ್ಣೆ ಏರುತ್ತಿದ್ದಂತೆ ಸದ್ದು ಇಳಿಯುತ್ತಾ ಇಳಿಯುತ್ತಾ ಪೂರ್ತಿ ನಿಂತೇಹೋಯಿತು. ಇಂಜಿನ್ ಓಡುತ್ತಿತ್ತು, ಅಷ್ಟೇ. ಹನುಮಂತಮ್ಮ ತಂದ ಟೀ ಲೋಟವನ್ನು ಯೋಗಾನಂದ ಇಂಜಿನ್ನಿನ ನೆತ್ತಿಯ ಮುಚ್ಚಳ, ಟ್ಯಾಪೆಟ್ ಕವರ್ ಮೇಲೆ ಇಟ್ಟ. ಟೀ ತುಳುಕಲಿಲ್ಲ.

"ಗ್ಯಾಪ್ ಇಲ್ಲ" ಎಂದ, ಅವಳನ್ನೇ ನೋಡುತ್ತಾ.

"ಇಲ್ಲ" ಎಂದಳು ಅವಳು. ಇಬ್ಬರೂ ಇಂಜಿನ್ ಬಗ್ಗೆಯೇ ಮಾತಾಡುತ್ತಿದ್ದರು ಎಂದು ನಾವು ನಂಬೋಣ.

ಶುಕ್ರವಾರ ಭಾನು ಹೊಸ ಸೀಟ್ ಕವರ್ ತರಲು ಚನ್ನಪಟ್ಟಣಕ್ಕೆ ಹೋಗಿ, ಅಲ್ಲೇ ಕೂತು ಹೊಲಿಸಿಕೊಂಡು ಸಂಜೆಗೆ ಹಿಂದಿರುಗಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಮನೆಗೆ ಬಂದರೆ ಅಪ್ಪ ಕಬ್ಬಾಳಿನಿಂದ ಬಂದು ಊಟ ಮುಗಿಸಿ ಮಲಗಿದ್ದರು.

ಶನಿವಾರ ಬೆಳಿಗ್ಗೆ ಫಕ್ರುದ್ದೀನ್ ಅತ್ತರು ಹಚ್ಚಿಕೊಂಡು ಬಂದರು. ಯೋಗಾನಂದ ಅದೇ ಬಿಳಿ ಅಂಗಿಯಲ್ಲಿದ್ದ. ಭಾನು ಕಿವಿಗೆ ಜುಮುಕಿ ಹಾಕಿದ್ದಳು, ಗ್ಯಾರೇಜಿಗೆ ಯಾಕೆ ಎಂದು ಯಾರೂ ಕೇಳಲಿಲ್ಲ. ಕೆಂಪರಾಜು ಇನ್ನೂ ಬಂದಿರಲಿಲ್ಲ. ಭಾನು ಟೀ ಲೋಟವನ್ನು ಠೀವಿಯಿಂದ ಟ್ಯಾಪೆಟ್ ಕವರ್ ಮೇಲಿಟ್ಟು ಸೆಲ್ಫ್ ಹೊಡೆದಳು.

ಟಕಟಕಟಕಟಕ...

ಲೋಟ ನಡುಗುತ್ತಾ ಅಂಚಿಗೆ ಸರಿಯಿತು. ಕೆಳಗೆ ಬಿದ್ದು ಟೀ ಚೆಲ್ಲಿತು. ಕಾದು ನೋಡಿದರು. ಸದ್ದು ಇಳಿಯಲಿಲ್ಲ.

"ಯೇ ಕ್ಯಾ ಬೇಟಿ?" ಫಕ್ರುದ್ದೀನ್ ಅವರ ಮುಖ ಇಳಿದುಹೋಯಿತು. "ಇದು ಕಾರಾ, ಟೈಲರ್ ಅಂಗಡಿನಾ? ನಾಳೆ ನಿಖಾ ಐತೆ..."

ಭಾನು ಇಂಜಿನ್ ನಿಲ್ಲಿಸಿದಳು. ಯೋಗಾನಂದ ಟ್ಯಾಪೆಟ್ ಕವರ್ ಬಿಚ್ಚಿ, ಒಂದು ರಾಕರನ್ನು ಬೆರಳಲ್ಲಿ ಅಲ್ಲಾಡಿಸಿದ. ಇನ್ನೊಂದನ್ನು ಅಲ್ಲಾಡಿಸಿದ. ಎಲ್ಲವೂ ಸಡಿಲ.

"ಯಾರೋ ಬಿಚ್ಚಿ ಗ್ಯಾಪ್ ಬಿಟ್ಟಿದಾರೆ" ಎಂದ ಮೆಲ್ಲಗೆ.

ಬಾಗಿಲಲ್ಲಿ ನಿಂತಿದ್ದ ಹನುಮಂತಮ್ಮ, "ನೆನ್ನೆ ಬೆಳಿಗ್ಗೆ ಈ ವಯ್ಯ ಬಂದಿದ್ದ ಕಣಮ್ಮಿ. ಶೆಟರ್ ಮುಂದೆ ಒಸಿ ಹೊತ್ತು ನಿಂತಿದ್ದ. ಆಮ್ಯಾಕೆ ನಾನು ಮನೇಗ್ ಹೋಗ್ಬುಟ್ಟೆ" ಎಂದಳು. ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದ ಮಾತು. ಆದರೆ ಎಷ್ಟೋ ಮನೆಗಳನ್ನು ಮುರಿದಿರುವುದು ಇಂಥ ಮಾತುಗಳೇ.

ಭಾನುವಿನ ಕಿವಿ ಬಿಸಿಯಾಯಿತು. "ಬಂದಿದ್ರಾ?"

"ಬಂದಿದ್ದೆ."

"ಯಾಕೆ?"

ಅವನು ಫಕ್ರುದ್ದೀನ್ ಕಡೆ ನೋಡಿದ, ಹನುಮಂತಮ್ಮನ ಕಡೆ ನೋಡಿದ, ನೆಲ ನೋಡಿದ. "ಸುಮ್ನೆ."

"ಸುಮ್ನೆ ಹಾರೋಹಳ್ಳಿಯಿಂದ ಇಲ್ಲಿವರೆಗೆ ಬಂದ್ರಾ? ಗ್ಯಾರೇಜಿನ ಇನ್ನೊಂದು ಕೀ ಶೆಟರ್ ಮೇಲೇ ಇರುತ್ತೆ ಅಂತ ನಿಮಗೆ ಗೊತ್ತು. ನಾನು ಮಾಡಿದ್ದು ಸರಿ ಇದೆಯಾ ಅಂತ ನೋಡೋಕೆ ಬಂದ್ರಾ? ನನ್ನ ಬೆರಳಿನ ಮೇಲೆ ನಂಬಿಕೆ ಇರ್ಲಿಲ್ವಾ?"

ಈಗ ಅವನ ಮುಖವೂ ಕೆಂಪಾಯಿತು. "ಭಾನು ಅವ್ರೇ, ಮೊದಲ ದಿನ ಗ್ಯಾಪ್ ಬೇಕು ಅಂತ ಹಟ ಹಿಡಿದಿದ್ದು ನಾನಲ್ಲ."

"ಅಂದ್ರೆ? ನಾನೇ ಬಿಚ್ಚಿದೆ ಅಂತಾನಾ?"

"ನಾನು ಹಾಗೆ ಹೇಳ್ಲಿಲ್ಲ."

"ಹೇಳೋದಿನ್ನೇನು ಉಳೀತು?"

ಗುರುವಾರ ಅಷ್ಟು ಸಲೀಸಾಗಿ 'ತಪ್ಪು ನಂದು' ಎಂದಿದ್ದ ಮನುಷ್ಯ ಇವತ್ತು ತುಟಿ ಬಿಗಿದುಕೊಂಡ. ಮಾಡದ ತಪ್ಪನ್ನು ಯಾರು ತಾನೇ ಒಪ್ಪುತ್ತಾರೆ? ಸ್ಪ್ಯಾನರನ್ನು ಒರೆಸಿ ಬೆಂಚಿನ ಮೇಲೆ ಜೋಪಾನವಾಗಿ ಇಟ್ಟು, ಚೀಲ ಹೆಗಲಿಗೇರಿಸಿ ಹೊರಟುಹೋದ.

ಫಕ್ರುದ್ದೀನ್ ತಲೆ ಅಲ್ಲಾಡಿಸಿದರು. "ಸೋಮವಾರ ಆ ಹುಡ್ಗ ಕೊಯಮತ್ತೂರಿಗೆ ಹೋಗೋನು. ಹಳೇ ಕಾರ್ ರೆಡಿ ಮಾಡೋ ದೊಡ್ಡ ವರ್ಕ್‌ಶಾಪಲ್ಲಿ ಕೆಲ್ಸ ಐತೆ. ನಿಂಗೆ ಹೇಳಿಲ್ವಾ?"

ಹೇಳಿರಲಿಲ್ಲ. ಭಾನು ಬೆಂಚಿನ ಮೇಲಿನ ಸ್ಪ್ಯಾನರ್ ಎತ್ತಿಕೊಂಡಳು. 'ಹೋಗೋನು ಹೋಗ್ಲಿ. ನಂಗೇನು...'

"ಸಂಜೆ ಒಳಗೆ ರೆಡಿ ಮಾಡ್ತೀನಿ ಸಾಬ್ರೇ. ನೀವು ಹೋಗಿ" ಎಂದಳು. ಹನುಮಂತಮ್ಮನೂ ಮೆಲ್ಲಗೆ ಜಾಗ ಖಾಲಿ ಮಾಡಿದಳು.

ಒಬ್ಬಳೇ ಆದ ಮೇಲೆ ಕಣ್ಣೊರೆಸಿಕೊಂಡು ಇಂಜಿನ್ ಮುಂದೆ ನಿಂತಳು. ಎಷ್ಟು ಸಡಿಲ ಮಾಡಿದ್ದಾನೆ ನೋಡೋಣ ಎಂದು ಫೀಲರ್ ಗೇಜ್ ತೆಗೆದು, ಕೈಗೆ ಬಂದ ಅಂಬಾಸಿಡರಿನ ಪಟ್ಟಿಯನ್ನೇ ರಾಕರ್ ಕೆಳಗೆ ತೂರಿಸಿದಳು.

ಪಟ್ಟಿ ಸರಕ್ಕನೆ ಹೋಗಲಿಲ್ಲ, ಸಿಕ್ಕಿಕೊಳ್ಳಲೂ ಇಲ್ಲ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ, ಹದವಾಗಿ, ತುಸುವೇ ತಡೆಯುತ್ತಾ ಒಳಗೆ ಹೋಗಿ ಹೊರಗೆ ಬಂತು.

ಭಾನುವಿನ ಕೈ ಅಲ್ಲೇ ನಿಂತಿತು.

ಎರಡನೆಯದಕ್ಕೆ ಹಾಕಿದಳು. ಅದೇ ಹದ. ಕೊನೆಯದಕ್ಕೆ ಹಾಕಿದಳು. ಅದೇ ಹದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಈ ಹದವನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಈ ಊರಿನಲ್ಲಿ ಇಷ್ಟು ಸಮವಾಗಿ ಗ್ಯಾಪ್ ಬಿಡುವ ಕೈ ಒಂದೇ ಒಂದು. ಆ ಕೈ ಈಗ ಬಾಗಿಲಲ್ಲಿ ಮಂಡಿ ನೀವಿಕೊಳ್ಳುತ್ತಾ ನಿಂತಿತ್ತು.

"ಏನಮ್ಮಿ, ಸಾಬ್ರು ಬಂದಿದ್ರಾ? ಖುಷಿ ಆದ್ರಾ?" ಎಂದರು ಕೆಂಪರಾಜು.

"ಅಪ್ಪಾ... ಇದನ್ನ ನೀನು ಮುಟ್ಟಿದ್ಯಾ?"

ಕೆಂಪರಾಜು ನಾಚಿಕೊಂಡವರಂತೆ ನಕ್ಕರು. "ಕಂಡುಹಿಡ್ದ್‌ಬುಟ್ಯಾ? ನೆನ್ನೆ ಕಬ್ಬಾಳಿಂದ ಬಂದೋನು ಸುಮ್ಕೆ ಕವರ್ ಬಿಚ್ಚಿ ನೋಡ್ದೆ. ಒಂದ್ ಟ್ಯಾಪೆಟ್‌ಗಾದ್ರೂ ಗ್ಯಾಪ್ ಇಲ್ಲ. ಅಯ್ಯೋ, ಕೂಸು ಆತುರದಲ್ಲಿ ಮರ್ತ್‌ಬುಟ್ಟೈತೆ ಅಂತ ಎಲ್ಲಾನೂ ಸರಿ ಮಾಡಿಟ್ಟೆ. ನಿಂಗೆ ಯೋಳುದ್ರೆ ಬೇಜಾರಾಯ್ತೀಯ, ನಿನ್ ಮೊದಲ್ನೇ ಕೆಲ್ಸ... ಅದ್ಕೇ ಸುಮ್ಕಾದೆ."

ಭಾನುವಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು. ಬೆಂಚಿನ ಮೇಲಿದ್ದ ಹಳೇ ಲಿಫ್ಟರನ್ನು ಅಪ್ಪನ ಅಂಗೈ ಮೇಲಿಟ್ಟಳು.

"ಒತ್ತಿ ನೋಡಪ್ಪಾ."

ಕೆಂಪರಾಜು ಒತ್ತಿದರು. ಹುಬ್ಬು ಮೇಲೇರಿತು. ಇನ್ನೊಮ್ಮೆ ಒತ್ತಿದರು.

"ಒಳಗೆ ಸ್ಪ್ರಿಂಗ್ ಐತೆ... ಎಣ್ಣೆ ತುಂಬ್ಕತದಾ?"

"ತುಂಬ್ಕತದೆ. ಇದ್ಕೆ ಗ್ಯಾಪ್ ಬ್ಯಾಡ ಕಣಪ್ಪಾ. ನಂಗೂ ಗೊತ್ತಿರ್ನಿಲ್ಲ. ಯೋಗಾನಂದ ಅವ್ರು ಯೋಳ್ಕೊಟ್ರು. ನಾನು ನಿಂಗೆ ಯೋಳ್ನಿಲ್ಲ... ಮರ್ಯಾದೆ ಹೋಯ್ತದೆ ಅಂತ."

"ಇನ್ನೇನ್ ಮತ್ತೆ, ಆ ಹುಡ್ಗುನ್ನ ಕರಿ, ಒಂದ್ ಗಳಿಗೇಲಿ ಆಯ್ತದೆ. ಎಲ್ಲವ್ನೆ?"

"ಬೈದು ಕಳಿಸ್ಬುಟ್ಟೆ."

ಕೆಂಪರಾಜು ಮಗಳ ಮುಖ ನೋಡಿದರು. ಕಿವಿಯ ಜುಮುಕಿ ನೋಡಿದರು. ಜೇಬಿನಿಂದ ಟಿವಿಎಸ್ ಗಾಡಿಯ ಕೀ ತೆಗೆದು ಅವಳ ಕೈಗಿಟ್ಟರು.

"ಕನಕಪುರದ್ ಬಸ್ಸು ಜನ ತುಂಬೋಗಂಟ ಹೊರ್ಡಲ್ಲ. ಓಡು."

ಬಸ್ ಸ್ಟ್ಯಾಂಡಿನಲ್ಲಿ ಕನಕಪುರದ ಬಸ್ಸು ಗುರುಗುಟ್ಟುತ್ತಾ ನಿಂತಿತ್ತು. ಕಿಟಕಿ ಪಕ್ಕದಲ್ಲಿ ಬಿಳಿ ಅಂಗಿ ಕಂಡಿತು. ಭಾನು ಜನರನ್ನು ಸರಿಸಿಕೊಂಡು ಒಳಗೆ ಹತ್ತಿದಳು. ಕೈಯಲ್ಲಿ ಇನ್ನೂ ಫೀಲರ್ ಗೇಜ್ ಇತ್ತು, ಅದರ ಪರಿವೆಯೂ ಅವಳಿಗಿರಲಿಲ್ಲ.

"ಎಲ್ಲಿಗಮ್ಮಾ? ಆಧಾರ್ ಕಾರ್ಡ್ ತೋರ್ಸಿ, ಫ್ರೀ ಟಿಕೆಟ್" ಎಂದ ಕಂಡಕ್ಟರ್.

"ಎಲ್ಲಿಗೂ ಇಲ್ಲ ಸರ್. ಇವರನ್ನ ಇಳಿಸ್ಕೊಂಡು ಹೋಗೋಕೆ ಬಂದೆ."

ಯೋಗಾನಂದ ತಲೆ ಎತ್ತಿದ. ಅವಳ ಕಣ್ಣು ಕೆಂಪಾಗಿದ್ದುದು ಕಂಡು ಅವನ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

"ನಮ್ಮಪ್ಪ..." ಎಂದಳು ಏದುಸಿರು ಬಿಡುತ್ತಾ. "ಗ್ಯಾಪ್ ಬಿಟ್ಟಿದ್ದು ನಮ್ಮಪ್ಪ. ನಾನು ಮರ್ತಿದೀನಿ ಅಂದ್ಕೊಂಡು ಸರಿ ಮಾಡಿದಾರೆ. ಎಲ್ಲಕ್ಕೂ, ಅಂಬಾಸಿಡರ್ ಲೆಕ್ಕದಲ್ಲಿ."

ಅವನ ತುಟಿ ಅದುರಿತು. ನಗು ತಡೆಯಲು ನೋಡಿದ, ಆಗಲಿಲ್ಲ.

"ನಗ್ಬೇಡಿ. ನಾನು ಕ್ಷಮೆ ಕೇಳೋಕೆ ಬಂದಿದೀನಿ. ತಪ್ಪು ನಂದು. ನಿಮ್ಮನ್ನ ಕೇಳಿದ್ದೇನೋ ಕೇಳ್ದೆ, ನೀವು ಹೇಳೋವರೆಗೂ ಕಾಯ್ಲಿಲ್ಲ. ಅಪ್ಪಂಗೂ ಹೇಳಿರ್ಲಿಲ್ಲ. ನೀವು ಗುರುವಾರ ಎಷ್ಟು ಸುಲಭವಾಗಿ ಅಂದ್ರಿ... ನಂಗೆ ಅಷ್ಟು ಸುಲಭ ಅಲ್ಲ. ಆದ್ರೂ ಹೇಳ್ತಾ ಇದೀನಿ." ಅವಳ ದನಿ ಸಣ್ಣಗಾಯಿತು. "ಆ ಕೆಲಸ ಒಬ್ಬಳೇ ಮಾಡೋಕಾಗಲ್ಲ. ಬನ್ನಿ."

ಮುಂದಿನ ಸೀಟಿನ ಅಜ್ಜಿಯೊಬ್ಬರು ತಿರುಗಿ, "ಓಗಪ್ಪಾ, ಎಣ್ಮಗ ಇಷ್ಟೊಂದ್ ಕೇಳ್ಕತಾವ್ಳೆ" ಎಂದರು.

ಕಂಡಕ್ಟರ್ ಗಡಿಯಾರ ನೋಡಿಕೊಂಡ. "ಇಳಿಯೋದಾದ್ರೆ ಬೇಗ ಇಳೀರಿ ಸಾರ್. ಸೀಟಿಗೆ ಜನ ಕಾಯ್ತಾವ್ರೆ."

ಯೋಗಾನಂದ ಇಳಿದ.

ಆ ಮಧ್ಯಾಹ್ನ ಗ್ಯಾರೇಜಿನಲ್ಲಿ ಮೂವರು ಕೆಲಸ ಮಾಡಿದರು. ಕೆಂಪರಾಜು ಮುಂದುಗಡೆ ಕೂತು ಕ್ರ್ಯಾಂಕ್ ತಿರುಗಿಸಿ ಒಂದೊಂದೇ ವಾಲ್ವನ್ನು ಮುಚ್ಚಿದ ಜಾಗಕ್ಕೆ ತಂದುಕೊಟ್ಟರು. ಭಾನುವಿನ ಬೆರಳು ರಾಡಿನ ಮೇಲೆ, ಯೋಗಾನಂದನ ಕೈ ಸ್ಪ್ಯಾನರಿನ ಮೇಲೆ.

"ಮುಟ್ತು."

"ಅರ್ಧ ಸುತ್ತು."

"ಬಿಗಿ ಆಯ್ತದೆ ಕಣ್ರಪ್ಪಾ" ಎಂದು ಕೆಂಪರಾಜು ಪ್ರತಿ ಸಲವೂ ಗೊಣಗಿದರು. ನಲವತ್ತು ವರ್ಷದ ಅಭ್ಯಾಸ ಒಂದು ಮಧ್ಯಾಹ್ನಕ್ಕೆ ಹೋಗುತ್ತದೆಯೇ?

ಇಂಜಿನ್ ಸ್ಟಾರ್ಟ್ ಆಯಿತು. ಸದ್ದು ಇಳಿಯಿತು. ಕೆಂಪರಾಜು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಬಹಳ ಹೊತ್ತು ಆಲಿಸಿದರು. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಯೋಗಾನಂದನ ಬೆನ್ನಿನ ಮೇಲೆ ಎಣ್ಣೆಗೈಯಲ್ಲೇ ಒಂದು ತಟ್ಟಿದರು. ಬಿಳಿ ಅಂಗಿಯ ಮೇಲೆ ಐದು ಬೆರಳು ಮೂಡಿದವು.

ಭಾನುವಾರ ಬೆಳಿಗ್ಗೆ ಇಂಪಾಲಾ ಮಲ್ಲಿಗೆ ಹಾರ ಹಾಕಿಕೊಂಡು ರಾಮನಗರದ ಬೀದಿಗಳಲ್ಲಿ ಮೆಲ್ಲಗೆ ಹೋಯಿತು. ಓಡಿಸಿದ್ದು ಯೋಗಾನಂದ. ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಭಾನುವೂ ಮುಂದೆ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಶೀಬಾ ಅಜ್ಜನ ಕೈ ಹಿಡಿದು ಕೂತಿದ್ದಳು. ಮದುವೆ ಹಾಲ್ ಮುಂದೆ ಇಳಿದ ಫಕ್ರುದ್ದೀನ್ ಕಾರಿನ ಬಾಗಿಲನ್ನು ಒಮ್ಮೆ ಸವರಿದರು.

"ಅವತ್ತೂ ಹೀಗೇ ಇತ್ತು ಬೇಟಿ. ಸದ್ದೇ ಇರ್ಲಿಲ್ಲ. ಅವಳು ಉಸಿರಾಡೋದು ಕೇಳಿಸ್ತಿತ್ತು ನಂಗೆ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದರು.

ಹಾಲ್ ಹತ್ತಿರ ಕಾಯುತ್ತಿದ್ದ ಕೆಂಪರಾಜು ಬಂದು ಹಿಂದಿನ ಸೀಟಿನಲ್ಲಿ ಕೂತರು. ಬಿರಿಯಾನಿಗೆ ಇನ್ನೂ ಹೊತ್ತಿದೆ ಎಂದು ತಿಳಿದು, ಟವೆಲ್ ಮುಖದ ಮೇಲೆ ಎಳೆದುಕೊಂಡು ಒರಗಿದರು. ಯೋಗಾನಂದ ಕಾರನ್ನು ಹುಣಸೆಮರದ ನೆರಳಿಗೆ ತಂದು ನಿಲ್ಲಿಸಿದ. ಇಂಜಿನ್ ಆಫ್ ಮಾಡಲಿಲ್ಲ.

ಆ ಕಾಲದ ಕಾರುಗಳಲ್ಲಿ ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಹಾಸು. ನಡುವೆ ಏನೂ ಅಡ್ಡವಿಲ್ಲ. ಭಾನು ಆ ತುದಿಯಲ್ಲಿದ್ದಳು, ಅವನು ಈ ತುದಿಯಲ್ಲಿದ್ದ.

"ನಾಳೆ ಕೊಯಮತ್ತೂರಾ?" ಎಂದಳು ಕಿಟಕಿಯ ಹೊರಗೆ ನೋಡುತ್ತಾ.

"ಬರ್ತೀನಿ ಅಂತ ಇನ್ನೂ ಹೇಳಿಲ್ಲ. ಇವತ್ತು ಸಂಜೆ ಹೇಳ್ಬೇಕು."

"ನಂಗ್ಯಾಕೆ ಹೇಳ್ಲಿಲ್ಲ?"

"ಶುಕ್ರವಾರ ಅದನ್ನೇ ಹೇಳೋಕೆ ಬಂದಿದ್ದೆ. ಅದನ್ನ ಅಂದ್ರೆ... ಕೊಯಮತ್ತೂರಿಗೆ ಹೋಗೋಕೆ ಇಷ್ಟ ಇಲ್ಲ ಅಂತ. ಯಾಕೆ ಇಷ್ಟ ಇಲ್ಲ ಅಂತ. ಶಿಫ್ಟಿಗೂ ಹೋಗ್ಲಿಲ್ಲ. ಶೆಟರ್ ಹಾಕಿತ್ತು. ಸ್ವಲ್ಪ ಕಾದೆ. ಆಮೇಲೆ ಧೈರ್ಯ ಸಾಲ್ದೆ ವಾಪಸ್ ಹೋದೆ."

"ಫೋನ್ ಮಾಡ್ಬಹುದಿತ್ತು."

"ಫೋನಲ್ಲಿ ಹೇಳೋ ಮಾತಲ್ಲ ಅದು."

ಭಾನು ಈಗ ಅವನ ಕಡೆ ತಿರುಗಿದಳು. ಬಾಯಿಯ ಚುರುಕು ಎಲ್ಲಿ ಹೋಗುತ್ತದೆ?

"ಮುಟ್ಟಿದ ಮೇಲೆ ನಿಲ್ಲಿಸ್ಬಾರ್ದು ಅಂತ ನಂಗೆ ಪಾಠ ಹೇಳಿದ್ರಿ. ಶೆಟರ್‌ವರೆಗೆ ಬಂದೋರು ನೀವ್ಯಾಕೆ ಅಲ್ಲೇ ನಿಂತ್ಬಿಟ್ರಿ?"

ಅವನು ಸ್ಟೀರಿಂಗಿನಿಂದ ಕೈ ತೆಗೆದ.

"ಇನ್ನೂ ಅರ್ಧ ಸುತ್ತು ಬಾಕಿ ಇದೆ" ಎಂದಳು. "ಹೇಳಿ."

"ನಂಗೆ ನೀವು ಬೇಕು ಭಾನು. ಈ ಊರಲ್ಲಿ, ಆ ಗ್ಯಾರೇಜಲ್ಲಿ, ನಿಮ್ಮ ಪಕ್ಕದಲ್ಲಿ ನಿಂತು ಕೆಲಸ ಮಾಡ್ಬೇಕು, ಜೀವಮಾನ ಪೂರ್ತಿ. ನಿಮಗೆ ಒಪ್ಪಿಗೆ ಇದ್ರೆ."

ಅವಳು ಆ ತುದಿಯಿಂದ ಈ ತುದಿಗೆ ಸರಿದು ಕೂತಳು. ಭುಜಕ್ಕೆ ಭುಜ ತಾಗಿತು. ಅವನ ಕಿವಿಯ ಹಿಂದೆ ಇವತ್ತೂ ಗ್ರೀಸ್ ಇತ್ತು. ಸೆರಗಿನ ಅಂಚಿನಿಂದ ಮೆಲ್ಲಗೆ ಒರೆಸಿದಳು.

"ಕೊಯಮತ್ತೂರಿನೋರಿಗೆ ಈಗ್ಲೇ ಫೋನ್ ಮಾಡಿ" ಎಂದಳು. "ಅವರಿಗೆ ಫೋನಲ್ಲೇ ಹೇಳಿದ್ರೆ ಸಾಕು."

ಹಿಂದಿನ ಸೀಟಿನಲ್ಲಿ ಟವೆಲ್ಲಿನ ಕೆಳಗಿನಿಂದ ಸಣ್ಣಗೆ ಕೆಮ್ಮು ಕೇಳಿಸಿತು.

"ಒಸಿ ಗ್ಯಾಪ್ ಇರ್ಲಿ ಕಣಮ್ಮಿ."

ಭಾನು ಹಿಂದಕ್ಕೆ ತಿರುಗಿ ನೋಡಲಿಲ್ಲ, ಸರಿದು ಕೂರಲೂ ಇಲ್ಲ.

"ಇದು ಅಂಬಾಸಿಡರ್ ಅಲ್ಲ ಕಣಪ್ಪಾ" ಎಂದಳು.